ಒಂದು ಅಕ್ಷರ ಬದಲಾದರೆ ಪ್ರೋಟೀನಿಗೆ ಏನಾಗುತ್ತದೆ? ಪೆನ್ಸಿಲ್ ಹಿಡಿದು ನೋಡೋಣ

ಡಿಎನ್‌ಎಯಲ್ಲಿ ಬದಲಾವಣೆ ದೊಡ್ಡದಾದಷ್ಟೂ ತೊಂದರೆಯೂ ದೊಡ್ಡದು ಅಂತ ಅನ್ನಿಸುವುದು ಸಹಜ. ಆದರೆ ಲೆಕ್ಕ ಹಾಗೆ ನಡೆಯುವುದಿಲ್ಲ. ನಮ್ಮ ರಕ್ತದಲ್ಲಿರುವ ಹಿಮೋಗ್ಲೋಬಿನ್‌ನ ಒಂದು ಜೀನ್ ತೆಗೆದುಕೊಳ್ಳಿ. ಅದರ 9ನೇ ಅಕ್ಷರ ಬದಲಾದರೆ ಏನೂ ಆಗುವುದಿಲ್ಲ. 20ನೇ ಅಕ್ಷರ ಬದಲಾದರೆ ಕೆಂಪು ರಕ್ತಕಣಗಳು ಕುಡುಗೋಲಿನ ಆಕಾರಕ್ಕೆ ಬಾಗುತ್ತವೆ. 47ನೇ ಅಕ್ಷರ ಬದಲಾದರೆ ಆ ಜೀನ್‌ನಿಂದ ಪ್ರೋಟೀನೇ ಸಿಗುವುದಿಲ್ಲ. ಮೂರೂ ಒಂದೊಂದೇ ಅಕ್ಷರದ ಬದಲಾವಣೆ, ಅಲ್ವಾ?

ಹಾಗಾಗಿ ಮ್ಯುಟೇಷನ್, ಅಂದರೆ ಡಿಎನ್‌ಎಯ ಇಂಥ ಬದಲಾವಣೆ, ಕಂಡಾಗ 'ಎಷ್ಟು ಬದಲಾಯಿತು' ಅನ್ನುವುದಕ್ಕಿಂತ 'ಎಲ್ಲಿ ಬದಲಾಯಿತು, ಅಲ್ಲಿಂದ ಮುಂದೆ ಓದುವುದು ಹೇಗೆ ಬದಲಾಯಿತು' ಅನ್ನುವುದನ್ನು ಕೇಳಬೇಕು. ಅದನ್ನು ಕೈಯಾರೆ ಮಾಡಿ ನೋಡುವ ದಾರಿ ಇಲ್ಲಿದೆ. ಪಿಯುಸಿ ಓದುತ್ತಿರುವವರಿಗೆ ಪರೀಕ್ಷೆಗೆ ಆಗುತ್ತದೆ. ಮನೆಯಲ್ಲಿ ಯಾರಿಗಾದರೂ ಜೆನೆಟಿಕ್ ರಿಪೋರ್ಟ್ ಬಂದಿದ್ದರೆ ಅದರಲ್ಲಿ ಏನು ಬರೆದಿದೆ ಅಂತ ತಿಳಿಯುವುದಕ್ಕೂ ಆಗುತ್ತದೆ.

ಬೇಕಾದ ಸಾಮಾನು: ಪೆನ್ಸಿಲ್, ರಬ್ಬರ್, ಗೀಟು ಹಾಳೆ, ಮತ್ತು ಕೋಡಾನ್ ಪಟ್ಟಿ. ಕೋಡಾನ್ ಅಂದರೆ ಮೂರು ಅಕ್ಷರದ ಗುಂಪು. ಯಾವ ಕೋಡಾನ್‌ಗೆ ಯಾವ ಅಮೈನೋ ಆಮ್ಲ, ಅಂದರೆ ಪ್ರೋಟೀನ್ ಸರಪಳಿಯ ಯಾವ ಕೊಂಡಿ, ಅಂತ ಪಟ್ಟಿ ಹೇಳುತ್ತದೆ. ಪಟ್ಟಿ ದ್ವಿತೀಯ ಪಿಯುಸಿ ಜೀವಶಾಸ್ತ್ರ ಪುಸ್ತಕದಲ್ಲೇ ಇದೆ.

ಹಂತ 1: ಸರಿಯಾದ ಸಾಲನ್ನು ಮೊದಲು ಬರೆದುಕೊಳ್ಳಿ

ನಾವು ತೆಗೆದುಕೊಳ್ಳುವ ಜೀನ್ ಬೀಟಾ ಗ್ಲೋಬಿನ್. ಲ್ಯಾಬ್‌ಗಳ ಭಾಷೆಯಲ್ಲಿ ಎಚ್‌ಬಿಬಿ. ಇದು 11ನೇ ಕ್ರೋಮೋಸೋಮ್‌ನಲ್ಲಿದೆ. ಸುಮಾರು 1,600 ಅಕ್ಷರದ ಚಿಕ್ಕ ಜೀನ್. ಅದರಲ್ಲೂ ಪ್ರೋಟೀನ್ ಬರೆಯುವ ಅಕ್ಷರಗಳು 444 ಮಾತ್ರ. ಉಳಿದವು ನಡುವೆ ಕತ್ತರಿಸಿ ಬಿಸಾಡುವ ಎರಡು ತುಂಡುಗಳು ಮತ್ತು ಹಿಂದೆ ಮುಂದಿನ ಅಂಚುಗಳು. ಆ ತುಂಡುಗಳನ್ನು ಇಂಟ್ರಾನ್ ಅನ್ನುತ್ತಾರೆ. ಅವನ್ನು ಮರೆಯಬೇಡಿ, ಆಮೇಲೆ ಬೇಕಾಗುತ್ತವೆ.

ಪ್ರೋಟೀನ್ ಬರೆಯುವ ಭಾಗದ ಮೊದಲ 24 ಕೋಡಾನ್‌ಗಳು ಹೀಗಿವೆ. ಮೂರು ಮೂರು ಅಕ್ಷರಕ್ಕೆ ಜಾಗ ಬಿಟ್ಟು ಬರೆದುಕೊಳ್ಳಿ:

ಎಟಿಜಿ ಜಿಟಿಜಿ ಸಿಎಟಿ ಸಿಟಿಜಿ ಎಸಿಟಿ ಸಿಸಿಟಿ
ಜಿಎಜಿ ಜಿಎಜಿ ಎಎಜಿ ಟಿಸಿಟಿ ಜಿಸಿಸಿ ಜಿಟಿಟಿ
ಎಸಿಟಿ ಜಿಸಿಸಿ ಸಿಟಿಜಿ ಟಿಜಿಜಿ ಜಿಜಿಸಿ ಎಎಜಿ
ಜಿಟಿಜಿ ಎಎಸಿ ಜಿಟಿಜಿ ಜಿಎಟಿ ಜಿಎಎ ಜಿಟಿಟಿ

ಪುಸ್ತಕದ ಪಟ್ಟಿ ಆರ್‌ಎನ್‌ಎ, ಅಂದರೆ ಪ್ರೋಟೀನ್ ಮಾಡಲು ಡಿಎನ್‌ಎಯಿಂದ ತೆಗೆದ ಪ್ರತಿಯ, ಅಕ್ಷರಗಳಲ್ಲಿರುತ್ತದೆ. ಟಿ ಇದ್ದ ಕಡೆಯೆಲ್ಲ ಯು ಅಂತ ಓದಿಕೊಂಡರೆ ಮುಗಿಯಿತು. ಎಟಿಜಿ ಅಂದರೆ ಎಯುಜಿ, ಅಂದರೆ ಮೆಥಿಯೊನಿನ್. ಮುಂದೆ ವ್ಯಾಲೀನ್, ಹಿಸ್ಟಿಡಿನ್, ಲ್ಯೂಸಿನ್, ಥ್ರಿಯೊನಿನ್, ಪ್ರೋಲಿನ್, ಗ್ಲುಟಾಮಿಕ್ ಆಮ್ಲ, ಇನ್ನೊಂದು ಗ್ಲುಟಾಮಿಕ್ ಆಮ್ಲ, ಲೈಸಿನ್, ಸೆರಿನ್. ಉಳಿದವನ್ನು ನೀವೇ ತುಂಬಿ.

ಇಲ್ಲಿ ವಿದ್ಯಾರ್ಥಿಗಳು ಎಡವುವ ಜಾಗ ಒಂದಿದೆ. ಡಿಎನ್‌ಎಗೆ ಎರಡು ಎಳೆ. ಮೇಲೆ ಕೊಟ್ಟಿದ್ದು ಆರ್‌ಎನ್‌ಎ ಜೊತೆ ಅಕ್ಷರಕ್ಕೆ ಅಕ್ಷರ ಹೊಂದುವ ಎಳೆ. ಪ್ರಶ್ನೆಪತ್ರಿಕೆಯಲ್ಲಿ ಕೆಲವು ಸಲ ಎದುರಿನ ಎಳೆ ಕೊಟ್ಟಿರುತ್ತಾರೆ. ಆಗ ಎ ಎದುರು ಯು, ಟಿ ಎದುರು ಎ, ಜಿ ಎದುರು ಸಿ, ಸಿ ಎದುರು ಜಿ ಹಾಕಿ ಆರ್‌ಎನ್‌ಎ ಬರೆಯಬೇಕು. ಯಾವ ಎಳೆ ಅಂತ ನೋಡದೆ ಶುರು ಮಾಡಿದರೆ ಮೊದಲ ಕೋಡಾನ್‌ನಿಂದಲೇ ಎಲ್ಲ ತಪ್ಪುತ್ತದೆ.

ಎಣಿಕೆ ಬಗ್ಗೆಯೂ ಒಂದು ಮಾತು. ಬೀಟಾ ಗ್ಲೋಬಿನ್ ತಯಾರಾಗುವಾಗಲೇ ಮೊದಲ ಮೆಥಿಯೊನಿನ್ ಕಳಚಿಹೋಗುತ್ತದೆ. 147ರಲ್ಲಿ 146 ಉಳಿಯುತ್ತವೆ. ಹಳೆಯ ವಿಜ್ಞಾನಿಗಳು ಆ ಮೆಥಿಯೊನಿನ್ ಬಿಟ್ಟು ಎಣಿಸಿದರು. ಈಗಿನ ನಿಯಮದಲ್ಲಿ ಅದನ್ನೂ ಸೇರಿಸಿ ಎಣಿಸಬೇಕು. ಹಾಗಾಗಿ ಹಳೆಯ ಪುಸ್ತಕದ '6ನೇ ಜಾಗ' ಹೊಸ ರಿಪೋರ್ಟ್‌ನಲ್ಲಿ '7ನೇ ಜಾಗ' ಆಗಿರುತ್ತದೆ. ಎರಡೂ ಒಂದೇ. ಎರಡು ರಿಪೋರ್ಟ್‌ನಲ್ಲಿ ಬೇರೆ ಬೇರೆ ನಂಬರ್ ನೋಡಿ ಗಾಬರಿಯಾಗಬೇಡಿ.

ಹಂತ 2: ಅಕ್ಷರ ಬದಲಿಸಿ ನೋಡಿ

ಜೀವಕೋಶ ಎರಡಾಗುವ ಮುಂಚೆ ಡಿಎನ್‌ಎಯ ನಕಲು ಆಗಬೇಕು. ನಕಲಿನಲ್ಲಿ ಅಪರೂಪಕ್ಕೆ ತಪ್ಪು ಉಳಿಯುತ್ತದೆ. ಬಿಸಿಲಿನ ನೇರಳಾತೀತ ಕಿರಣ, ತಂಬಾಕಿನ ಹೊಗೆ, ಕೆಲವು ರಾಸಾಯನಿಕಗಳೂ ಅಕ್ಷರ ಕೆಡಿಸುತ್ತವೆ. ಅಪ್ಪ ಅಮ್ಮನಲ್ಲಿ ಇಲ್ಲದ ಸುಮಾರು 60ರಿಂದ 70 ಹೊಸ ಅಕ್ಷರ ಬದಲಾವಣೆಗಳು ಪ್ರತಿ ಮಗುವಿನಲ್ಲೂ ಇರುತ್ತವೆ. ಬಹುಪಾಲು ಯಾವ ಕೆಲಸಕ್ಕೂ ಅಡ್ಡ ಬರುವುದಿಲ್ಲ. ಅಂದರೆ ನಾವೆಲ್ಲರೂ ಮ್ಯುಟೇಷನ್ ಹೊತ್ತವರೇ.

ಈಗ ಪೆನ್ಸಿಲ್ ತೆಗೆದುಕೊಳ್ಳಿ. 9ನೇ ಅಕ್ಷರ ಎಣಿಸಿ. ಅದು ಸಿಎಟಿಯ ಕೊನೆಯ ಟಿ. ಅದನ್ನು ಅಳಿಸಿ ಸಿ ಬರೆಯಿರಿ. ಸಿಎಸಿ ಆಯಿತು. ಪಟ್ಟಿ ನೋಡಿ: ಸಿಎಯು ಹಿಸ್ಟಿಡಿನ್, ಸಿಎಸಿ ಕೂಡ ಹಿಸ್ಟಿಡಿನ್. ಪ್ರೋಟೀನ್ ಹಾಗೇ ಇದೆ. ಇದು ಸುಮ್ನೆ ಕಟ್ಟಿದ ಉದಾಹರಣೆ ಅಲ್ಲ. ಈ ಬದಲಾವಣೆ ಜನರಲ್ಲಿ ತುಂಬಾ ಸಾಮಾನ್ಯ. ನಿಮ್ಮಲ್ಲೂ ಇರಬಹುದು. ಇದಕ್ಕೆ ಸೈಲೆಂಟ್ ಮ್ಯುಟೇಷನ್ ಅನ್ನುತ್ತಾರೆ.

ಹೀಗಾಗುವುದಕ್ಕೆ ಕಾರಣ ಲೆಕ್ಕದಲ್ಲೇ ಇದೆ. ನಾಲ್ಕು ಅಕ್ಷರಗಳಿಂದ ಮೂರಕ್ಷರದ ಕೋಡಾನ್ 64 ಆಗುತ್ತವೆ. ಅಮೈನೋ ಆಮ್ಲಗಳು 20. ಮೂರು ಕೋಡಾನ್ 'ನಿಲ್ಲಿಸು' ಅನ್ನುವುದಕ್ಕೆ ಹೋದರೂ 61 ಉಳಿಯುತ್ತವೆ. ಹಾಗಾಗಿ ಒಂದೇ ಅಮೈನೋ ಆಮ್ಲಕ್ಕೆ ಎರಡು, ನಾಲ್ಕು, ಕೆಲವು ಸಲ ಆರು ಕೋಡಾನ್. ವ್ಯತ್ಯಾಸ ಹೆಚ್ಚಾಗಿ ಮೂರನೇ ಅಕ್ಷರದಲ್ಲಿ. ಈ ಪಟ್ಟಿ ಒಂದೇ ಸಲಕ್ಕೆ ಸಿಕ್ಕಿದ್ದಲ್ಲ. 1961ರಲ್ಲಿ ಮಾರ್ಷಲ್ ನಿರೆನ್‌ಬರ್ಗ್ ಮತ್ತು ಹೈನ್ರಿಚ್ ಮತ್ತಾಯ್ ಬರೀ ಯು ಇರುವ ಆರ್‌ಎನ್‌ಎ ಹಾಕಿದಾಗ ಬರೀ ಫಿನೈಲ್‌ಅಲನಿನ್ ಸರಪಳಿ ಬಂತು. ಆಮೇಲೆ ಹರಗೋಬಿಂದ ಖೊರಾನಾ ಬೇಕಾದ ಅಕ್ಷರಗಳನ್ನೇ ಜೋಡಿಸಿ ಆರ್‌ಎನ್‌ಎ ತಯಾರಿಸಿದರು. ಯುಜಿಯುಜಿಯುಜಿ ಅಂತ ಉದ್ದಕ್ಕೆ ಹಾಕಿದಾಗ ಸಿಸ್ಟೀನ್, ವ್ಯಾಲೀನ್, ಸಿಸ್ಟೀನ್, ವ್ಯಾಲೀನ್ ಅಂತ ಬಂತು. ಯುಜಿಯು ಸಿಸ್ಟೀನ್, ಜಿಯುಜಿ ವ್ಯಾಲೀನ್. ಖೊರಾನಾ, ನಿರೆನ್‌ಬರ್ಗ್, ರಾಬರ್ಟ್ ಹಾಲಿ ಮೂವರಿಗೂ 1968ರ ನೊಬೆಲ್ ಬಂತು. ಆ ಜಿಯುಜಿ ಈಗಲೇ ನಮ್ಮ ಕೆಲಸಕ್ಕೆ ಬರುತ್ತದೆ.

9ನೇ ಅಕ್ಷರವನ್ನು ಮೊದಲಿನ ಹಾಗೆ ಮಾಡಿ. 20ನೇ ಅಕ್ಷರ ಎಣಿಸಿ. ಮೊದಲ ಜಿಎಜಿಯ ನಡುವಿನ ಎ. ಅದನ್ನು ಟಿ ಮಾಡಿ. ಜಿಟಿಜಿ ಆಯಿತು, ಆರ್‌ಎನ್‌ಎಯಲ್ಲಿ ಜಿಯುಜಿ. ಗ್ಲುಟಾಮಿಕ್ ಆಮ್ಲ ಇರಬೇಕಾದ ಜಾಗಕ್ಕೆ ವ್ಯಾಲೀನ್ ಬಂತು. ಇದೇ ಸಿಕಲ್ ಸೆಲ್ ಮ್ಯುಟೇಷನ್. ಅಮೈನೋ ಆಮ್ಲವೇ ಬದಲಾಗುವ ಈ ಬಗೆಗೆ ಮಿಸ್‌ಸೆನ್ಸ್ ಅಂತ ಹೆಸರು.

ಪರೀಕ್ಷೆಯ ಉತ್ತರ ಇಲ್ಲಿಗೆ ಮುಗಿಯುತ್ತದೆ. ನಿಜವಾದ ಪ್ರಶ್ನೆ ಶುರುವಾಗುವುದೇ ಇಲ್ಲಿಂದ: 146ರಲ್ಲಿ ಒಂದು ಬದಲಾದರೆ ರಕ್ತಕಣ ಯಾಕೆ ಬಾಗಬೇಕು?

ಎರಡು ಸಂಗತಿ ನೋಡಬೇಕು. ಒಂದು, ಹೋದದ್ದು ಏನು, ಬಂದದ್ದು ಏನು. ಗ್ಲುಟಾಮಿಕ್ ಆಮ್ಲಕ್ಕೆ ಋಣ ವಿದ್ಯುದಂಶ ಇದೆ, ನೀರಿನ ಜೊತೆ ಹೊಂದಿಕೊಳ್ಳುತ್ತದೆ. ವ್ಯಾಲೀನ್ ಎಣ್ಣೆಯ ಗುಣದ್ದು, ನೀರನ್ನು ದೂರ ಇಡುತ್ತದೆ. ಎರಡು, ಜಾಗ ಎಲ್ಲಿ. ಈ ಜಾಗ ಪ್ರೋಟೀನ್‌ನ ಒಳಗಿಲ್ಲ, ಹೊರಮೈಯಲ್ಲಿದೆ, ನೀರಿಗೆ ಎದುರಾಗಿ. ಅಲ್ಲಿ ಒಂದು ಎಣ್ಣೆಯ ತುದಿ ಹೊರಗೆ ಚಾಚಿಕೊಂಡಿತು.

ಹಿಮೋಗ್ಲೋಬಿನ್‌ನಲ್ಲಿ ಎರಡು ಆಲ್ಫಾ, ಎರಡು ಬೀಟಾ ಸರಪಳಿ ಇರುತ್ತವೆ. ಶ್ವಾಸಕೋಶದಲ್ಲಿ ಆಮ್ಲಜನಕ ಹೊತ್ತಿರುವಾಗ ತೊಂದರೆ ಇಲ್ಲ. ಅಂಗಾಂಗಗಳಿಗೆ ಆಮ್ಲಜನಕ ಕೊಟ್ಟ ಮೇಲೆ ಅದರ ಆಕಾರ ಸ್ವಲ್ಪ ಬದಲಾಗುತ್ತದೆ. ಆಗ ಬೀಟಾ ಸರಪಳಿಯ 85 ಮತ್ತು 88ನೇ ಜಾಗದ ಹತ್ತಿರ, ಹಳೆಯ ಎಣಿಕೆಯಲ್ಲಿ, ಒಂದು ಸಣ್ಣ ಎಣ್ಣೆಯ ಕುಳಿ ತೆರೆದುಕೊಳ್ಳುತ್ತದೆ. ಪಕ್ಕದ ಹಿಮೋಗ್ಲೋಬಿನ್‌ನ ವ್ಯಾಲೀನ್ ಆ ಕುಳಿಗೆ ಹೋಗಿ ಕೂರುತ್ತದೆ, ಅಂಗಿಯ ಗುಂಡಿ ಕಾಜಕ್ಕೆ ಸಿಕ್ಕಿಕೊಂಡ ಹಾಗೆ. ಅದರ ಕುಳಿಗೆ ಇನ್ನೊಂದು, ಅದಕ್ಕೆ ಮತ್ತೊಂದು. ಉದ್ದದ ಗಟ್ಟಿ ಎಳೆಗಳು ಬೆಳೆದು ಕೆಂಪು ಕಣವನ್ನು ಒಳಗಿನಿಂದ ಎಳೆಯುತ್ತವೆ. ಕಣ ಬಾಗುತ್ತದೆ, ಗಡುಸಾಗುತ್ತದೆ, ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಮೂಳೆ, ಎದೆ, ಹೊಟ್ಟೆಯಲ್ಲಿ ತಡೆಯಲಾಗದ ನೋವು ಅದರಿಂದಲೇ. ಸುಮಾರು 120 ದಿನ ಬದುಕಬೇಕಾದ ಕಣ 10ರಿಂದ 20 ದಿನಕ್ಕೆ ಒಡೆಯುತ್ತದೆ. ರಕ್ತಹೀನತೆ ಅದರಿಂದ.

ಈಗ 20ನೇ ಅಕ್ಷರ ಸರಿಮಾಡಿ, ಪಕ್ಕದ 19ನೇ ಅಕ್ಷರವನ್ನು ಜಿಯಿಂದ ಎ ಮಾಡಿ. ಎಎಜಿ ಆಯಿತು, ಲೈಸಿನ್. ಇದು ಹಿಮೋಗ್ಲೋಬಿನ್ ಸಿ, ಪಶ್ಚಿಮ ಆಫ್ರಿಕಾದಲ್ಲಿ ಹೆಚ್ಚು. ಅದೇ ಕೋಡಾನ್, ಅದೇ ಜಾಗ. ಆದರೆ ಲೈಸಿನ್ ಎಣ್ಣೆಯ ಗುಣದ್ದಲ್ಲ, ಧನ ವಿದ್ಯುದಂಶ ಇರುವಂಥದ್ದು, ನೀರಿಗೆ ಹೊಂದುತ್ತದೆ. ಆ ಕುಳಿಗೆ ಹೋಗಿ ಕೂರುವುದಿಲ್ಲ. ಪ್ರತಿ ಜೀನ್‌ಗೆ ಅಪ್ಪನಿಂದ ಒಂದು, ಅಮ್ಮನಿಂದ ಒಂದು ಪ್ರತಿ ಬರುತ್ತದೆ. ಎರಡೂ ಪ್ರತಿ ಸಿ ಆಗಿದ್ದರೂ ಸಾಮಾನ್ಯವಾಗಿ ಸೌಮ್ಯ ರಕ್ತಹೀನತೆ, ಸ್ವಲ್ಪ ದೊಡ್ಡದಾದ ಗುಲ್ಮ, ಅಷ್ಟೇ. 'ಮಿಸ್‌ಸೆನ್ಸ್' ಅನ್ನುವ ಪದ ಕೇಳಿ ತೀವ್ರತೆ ಊಹಿಸಬಾರದು ಅನ್ನುವುದು ಅದಕ್ಕೇ.

ವಿದ್ಯುದಂಶದ ಈ ವ್ಯತ್ಯಾಸವೇ ಪತ್ತೆಗೂ ದಾರಿಯಾಯಿತು. 1949ರಲ್ಲಿ ಲೈನಸ್ ಪಾಲಿಂಗ್ ತಂಡ ಸಿಕಲ್ ಹಿಮೋಗ್ಲೋಬಿನ್ ವಿದ್ಯುತ್ ಕ್ಷೇತ್ರದಲ್ಲಿ ಬೇರೆ ವೇಗದಲ್ಲಿ ಓಡುತ್ತದೆ ಅಂತ ತೋರಿಸಿತು. 1956-57ರಲ್ಲಿ ಕೇಂಬ್ರಿಜ್‌ನಲ್ಲಿ ವರ್ನನ್ ಇನ್‌ಗ್ರಾಂ ಆ ಒಂದು ಅಮೈನೋ ಆಮ್ಲವನ್ನು ಹಿಡಿದರು. ಈಗಲೂ ಎಲೆಕ್ಟ್ರೊಫೊರೆಸಿಸ್ ಪರೀಕ್ಷೆ ಇದೇ ತತ್ವದ ಮೇಲೆ ನಡೆಯುತ್ತದೆ.

ನಮ್ಮ ಕಡೆಯ ಕಥೆಯೂ ಇದಕ್ಕೆ ಸೇರಿದೆ. ಭಾರತದಲ್ಲಿ ಸಿಕಲ್ ಸೆಲ್ ಮೊದಲು ಗೊತ್ತಾಗಿದ್ದು 1952ರಲ್ಲಿ, ಮೈಸೂರು ಸೀಮೆಗೆ ಅಂಟಿಕೊಂಡ ನೀಲಗಿರಿಯ ಬುಡಕಟ್ಟು ಜನರಲ್ಲಿ. ಚಾಮರಾಜನಗರ, ಮೈಸೂರು, ಕೊಡಗಿನ ಹಾಡಿ ಪೋಡುಗಳಲ್ಲೂ ಇದು ಇದೆ. ಒಂದೇ ಪ್ರತಿ ಸಿಕಲ್ ಇದ್ದವರಿಗೆ ಸಾಮಾನ್ಯವಾಗಿ ಕಾಯಿಲೆ ಬರುವುದಿಲ್ಲ, ಮೇಲಾಗಿ ಮಲೇರಿಯಾದ ಹೊಡೆತ ಕಡಿಮೆ. ಆಂಥೊನಿ ಆಲಿಸನ್ 1954ರಲ್ಲಿ ಇದನ್ನು ಆಫ್ರಿಕಾದಲ್ಲಿ ತೋರಿಸಿದರು. ಮಲೇರಿಯಾ ಇದ್ದ ಕಾಡುಗಳಲ್ಲಿ ಈ ಮ್ಯುಟೇಷನ್ ಅಳಿಯದೆ ಉಳಿದದ್ದು ಹಾಗೆ. 2023ರ ಜುಲೈ 1ರಂದು ಶುರುವಾದ ರಾಷ್ಟ್ರೀಯ ಸಿಕಲ್ ಸೆಲ್ ನಿರ್ಮೂಲನಾ ಮಿಷನ್‌ನಲ್ಲಿ 40 ವರ್ಷದವರೆಗಿನ 7 ಕೋಟಿ ಜನರ ತಪಾಸಣೆಯ ಗುರಿ ಇದೆ. ಕರ್ನಾಟಕವೂ ಅದರಲ್ಲಿದೆ. ನಿಮ್ಮ ಊರಿನಲ್ಲಿ ಶಿಬಿರ ನಡೆದರೆ ತಪ್ಪಿಸಿಕೊಳ್ಳಬೇಡಿ, ಬೆರಳಿನ ಒಂದು ಹನಿ ರಕ್ತದ ಕೆಲಸ.

ಹಂತ 3: 'ನಿಲ್ಲಿಸು' ಬಂತಾ ನೋಡಿ

ಹಳೆಯ ಸಾಲಿಗೆ ವಾಪಸ್ ಬನ್ನಿ. 16ನೇ ಕೋಡಾನ್ ಟಿಜಿಜಿ, ಟ್ರಿಪ್ಟೊಫ್ಯಾನ್. ಅದರ ನಡುವಿನ ಜಿ 47ನೇ ಅಕ್ಷರ. ಅದನ್ನು ಎ ಮಾಡಿ. ಟಿಎಜಿ ಆಯಿತು. ಪಟ್ಟಿಯಲ್ಲಿ ಯುಎಜಿ ಎದುರು ಯಾವ ಅಮೈನೋ ಆಮ್ಲವೂ ಇಲ್ಲ. ಯುಎಎ, ಯುಎಜಿ, ಯುಜಿಎ ಈ ಮೂರರಲ್ಲಿ ಒಂದು ಬಂದರೆ ಪ್ರೋಟೀನ್ ಕಟ್ಟುವ ಯಂತ್ರವಾದ ರೈಬೊಸೋಮ್ ಅಲ್ಲಿಗೇ ಕೆಲಸ ನಿಲ್ಲಿಸುತ್ತದೆ. ಇದಕ್ಕೆ ನಾನ್‌ಸೆನ್ಸ್ ಮ್ಯುಟೇಷನ್ ಅನ್ನುತ್ತಾರೆ. ಬೀಟಾ ಸರಪಳಿ ಸಾಕಷ್ಟು ತಯಾರಾಗದೆ ರಕ್ತಹೀನತೆ ಬರುವ ಕಾಯಿಲೆಗೆ ಬೀಟಾ ಥಲಸ್ಸೀಮಿಯಾ ಅನ್ನುತ್ತಾರೆ. ಭಾರತದ ರೋಗಿಗಳಲ್ಲಿ ಕಾಣುವ ಬದಲಾವಣೆಗಳಲ್ಲಿ ಇದೂ ಒಂದು.

ಪುಸ್ತಕಗಳಲ್ಲಿ 'ತುಂಡು ಪ್ರೋಟೀನ್ ಬರುತ್ತದೆ' ಅಂತ ಬರೆದಿರುತ್ತದೆ. ಕಾಗದದ ಮೇಲೆ ಸರಿ. ಆದರೆ ಕೋಶ ಅಷ್ಟು ಬೇಗ ಮೋಸ ಹೋಗುವುದಿಲ್ಲ. ಇಂಟ್ರಾನ್ ಕತ್ತರಿಸಿ ಹೊಲಿದ ಕಡೆಯೆಲ್ಲ ಆರ್‌ಎನ್‌ಎ ಮೇಲೆ ಒಂದು ಗುರುತು ಉಳಿದಿರುತ್ತದೆ. ಕೊನೆಯ ಹೊಲಿಗೆಗಿಂತ ಸುಮಾರು 50 ಅಕ್ಷರಕ್ಕೂ ಮೊದಲೇ 'ನಿಲ್ಲಿಸು' ಬಂದರೆ ಸಾಮಾನ್ಯವಾಗಿ ಕೋಶ ಅದನ್ನು ಕೆಟ್ಟ ಪ್ರತಿ ಅಂತ ತಿಳಿದು ಆ ಆರ್‌ಎನ್‌ಎಯನ್ನೇ ನಾಶ ಮಾಡುತ್ತದೆ. ನಮ್ಮ 16ನೇ ಕೋಡಾನ್ ಹಾಗೆ 'ನಿಲ್ಲಿಸು' ಶುರುವಿಗೆ ತೀರಾ ಹತ್ತಿರ ಬಂದರೆ ಆರ್‌ಎನ್‌ಎ ಈ ನಾಶದಿಂದ ತಪ್ಪಿಸಿಕೊಳ್ಳುವುದೂ ಉಂಟು. ಆದರೂ 15 ಅಮೈನೋ ಆಮ್ಲದ ತುಂಡಿನಿಂದ ಕೆಲಸ ಮಾಡುವ ಬೀಟಾ ಸರಪಳಿ ಸಿಗುವುದಿಲ್ಲ.

ಎರಡೂ ಪ್ರತಿ ಹೀಗಾದರೆ ಬೀಟಾ ಸರಪಳಿ ಶೂನ್ಯ. ಅಚ್ಚರಿ ಅಂದರೆ ಜಾಸ್ತಿ ಹಾನಿ ಮಾಡುವುದು ಇಲ್ಲದ ಬೀಟಾ ಅಲ್ಲ, ಜೋಡಿ ಸಿಗದೆ ಉಳಿದ ಆಲ್ಫಾ. ಒಂಟಿ ಆಲ್ಫಾ ಸರಪಳಿಗಳು ಗಂಟು ಕಟ್ಟಿ, ಅಸ್ಥಿಮಜ್ಜೆಯಲ್ಲಿ ಬೆಳೆಯುತ್ತಿರುವ ಕೆಂಪು ಕಣಗಳನ್ನು ಅಲ್ಲೇ ಸಾಯಿಸುತ್ತವೆ. ಹುಟ್ಟಿದ ಮೊದಲ ತಿಂಗಳುಗಳಲ್ಲಿ ಮಗು ಚೆನ್ನಾಗಿರುತ್ತದೆ, ಯಾಕೆಂದರೆ ಆಗ ಬೀಟಾ ಬದಲು ಗಾಮಾ ಸರಪಳಿ ಇರುವ ಭ್ರೂಣದ ಹಿಮೋಗ್ಲೋಬಿನ್ ಕೆಲಸ ಮಾಡುತ್ತಿರುತ್ತದೆ. ಗಾಮಾ ಇಳಿದು ಬೀಟಾ ಬೇಕಾದಾಗ ಬಣ್ಣ ಬಿಳಿಚಿಕೊಳ್ಳುತ್ತದೆ.

ಗಾಮಾ ಉಳಿದರೆ ಒಳ್ಳೆಯದೇ. ಭಾರತದಲ್ಲಿ ಕಾಣುವ ಸಿಕಲ್ ಸೆಲ್‌ನ ಜೊತೆಗೆ ಭ್ರೂಣದ ಹಿಮೋಗ್ಲೋಬಿನ್ ಹೆಚ್ಚಿರುವುದು ಸಾಮಾನ್ಯ, ಹಾಗಾಗಿ ಎಷ್ಟೋ ಜನರಲ್ಲಿ ಕಾಯಿಲೆ ಸ್ವಲ್ಪ ಮೃದು. 2023ರ ಕೊನೆಯಲ್ಲಿ ಬ್ರಿಟನ್ ಮತ್ತು ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕ, ಕ್ರಿಸ್ಪರ್ ಅನ್ನುವ ಜೀನ್ ಕತ್ತರಿ ಬಳಸುವ ಸಿಕಲ್ ಸೆಲ್ ಚಿಕಿತ್ಸೆ ಕ್ಯಾಸ್‌ಜೆವಿ ಕೂಡ 20ನೇ ಅಕ್ಷರವನ್ನು ತಿದ್ದುವುದಿಲ್ಲ. ಗಾಮಾವನ್ನು ಅದುಮಿಡುವ ಬೇರೊಂದು ಜೀನ್‌ನ ಸ್ವಿಚ್ ಕೆಡಿಸುತ್ತದೆ.

'ನಿಲ್ಲಿಸು' ಬೇಗ ಬರುವುದಕ್ಕೆ ತಿರುಗುಮುರುಗು ಕೂಡ ಇದೆ. ಆಲ್ಫಾ ಗ್ಲೋಬಿನ್‌ನಲ್ಲಿ ಕೊನೆಯ ಟಿಎಎ ಬದಲಾಗಿ ಸಿಎಎ ಆದರೆ ನಿಲ್ಲಬೇಕಾದ ಕಡೆ ನಿಲ್ಲದೆ ಇನ್ನೂ 31 ಅಮೈನೋ ಆಮ್ಲ ಸೇರುತ್ತವೆ. 141ರ ಸರಪಳಿ 172 ಆಗುತ್ತದೆ. ಜಮೈಕಾದ ಒಂದು ಊರಿನ ಹೆಸರಿನಲ್ಲಿ ಇದನ್ನು ಹಿಮೋಗ್ಲೋಬಿನ್ ಕಾನ್‌ಸ್ಟಂಟ್ ಸ್ಪ್ರಿಂಗ್ ಅನ್ನುತ್ತಾರೆ.

ಹಂತ 4: ಒಂದು ಅಕ್ಷರ ಸೇರಿಸಿ, ಮತ್ತೆ ಮೂರು ಮೂರಾಗಿ ಓದಿ

ಈ ಹಂತವನ್ನು ಕಣ್ಣಲ್ಲಿ ಓದಿ ಬಿಡಬೇಡಿ, ಬರೆದೇ ನೋಡಿ. 9ನೇ ಕೋಡಾನ್ ಎಎಜಿ ಆದ ಮೇಲೆ ಒಂದು ಜಿ ಸೇರಿಸಿ. ಈಗ ಅಲ್ಲಿಂದ ಮುಂದೆ ಹೊಸದಾಗಿ ಮೂರು ಮೂರು ಅಕ್ಷರ ಬಿಡಿಸಿ:

ಎಎಜಿ ಜಿಟಿಸಿ ಟಿಜಿಸಿ ಸಿಜಿಟಿ ಟಿಎಸಿ ಟಿಜಿಸಿ ಸಿಸಿಟಿ ಜಿಟಿಜಿ ಜಿಜಿಜಿ ಸಿಎಎ ಜಿಜಿಟಿ ಜಿಎಎ ಸಿಜಿಟಿ ಜಿಜಿಎ ಟಿಜಿಎ

ಓದಿ: ಲೈಸಿನ್ ಆದ ಮೇಲೆ ಸೆರಿನ್ ಬರಬೇಕಿತ್ತು, ವ್ಯಾಲೀನ್ ಬಂತು. ಮುಂದೆ ಸಿಸ್ಟೀನ್, ಆರ್ಜಿನಿನ್, ಟೈರೊಸಿನ್, ಸಿಸ್ಟೀನ್, ಪ್ರೋಲಿನ್, ವ್ಯಾಲೀನ್, ಗ್ಲೈಸಿನ್, ಗ್ಲುಟಮಿನ್, ಗ್ಲೈಸಿನ್, ಗ್ಲುಟಾಮಿಕ್ ಆಮ್ಲ, ಆರ್ಜಿನಿನ್, ಗ್ಲೈಸಿನ್. ಆಮೇಲೆ ಟಿಜಿಎ, ನಿಲ್ಲಿಸು. ಹದಿಮೂರೂ ಬೀಟಾ ಗ್ಲೋಬಿನ್‌ಗೆ ಸಂಬಂಧವೇ ಇಲ್ಲದವು. ಆ ಟಿಜಿಎ ಹೊಸದಾಗಿ ಎಲ್ಲಿಂದಲೋ ಬಂದಿದ್ದಲ್ಲ. ಹಂತ 1ರಲ್ಲಿ ಬರೆದದ್ದರ ಕೊನೆಯ ಸಾಲು ನೋಡಿ: ಜಿಎಟಿ ಜಿಎಎ. ಅದರೊಳಗೇ ಟಿ, ಜಿ, ಎ ಸಾಲಾಗಿ ಕೂತಿದ್ದವು. ಓದುವ ಜಾಗ ಸರಿದಾಗ ಮೂರೂ ಒಂದೇ ಕೋಡಾನ್ ಆದವು.

ಇದು ಫ್ರೇಮ್‌ಶಿಫ್ಟ್. ಭಾರತದ ಥಲಸ್ಸೀಮಿಯಾ ಪಟ್ಟಿಯಲ್ಲಿ 'ಕೋಡಾನ್ 8/9 ಪ್ಲಸ್ ಜಿ' ಅಂತ ಇರುವುದು ಇದೇ. ಇಲ್ಲೂ ಬೇಗನೆ 'ನಿಲ್ಲಿಸು' ಬಂದಿದ್ದರಿಂದ ಕೆಲಸ ಮಾಡುವ ಬೀಟಾ ಸರಪಳಿ ಸಿಗುವುದಿಲ್ಲ.

ಹಾಗಾದರೆ ಮೂರು ಅಕ್ಷರ ಒಟ್ಟಿಗೆ ಹೋದರೆ? ಫ್ರೇಮ್ ಕೆಡುವುದಿಲ್ಲ. ಆದರೂ ಸುರಕ್ಷಿತ ಅಂತ ಅಂದುಕೊಳ್ಳಬೇಡಿ. ಶ್ವಾಸಕೋಶ ಕೆಡಿಸುವ ಸಿಸ್ಟಿಕ್ ಫೈಬ್ರೊಸಿಸ್ ಕಾಯಿಲೆಯ ಅತಿ ಸಾಮಾನ್ಯ ಮ್ಯುಟೇಷನ್ ನೋಡಿ. ಸಿಎಫ್‌ಟಿಆರ್ ಜೀನ್‌ನಲ್ಲಿ 'ಎಟಿಸಿ ಎಟಿಸಿ ಟಿಟಿಟಿ ಜಿಜಿಟಿ' ಅಂತ ಇರುವ ಕಡೆ ಸಿಟಿಟಿ ಹೋಗಿ 'ಎಟಿಸಿ ಎಟಿಟಿ ಜಿಜಿಟಿ' ಆಗುತ್ತದೆ. ಎಟಿಸಿ, ಎಟಿಟಿ ಎರಡೂ ಐಸೊಲ್ಯೂಸಿನ್. ಅಂದರೆ 1,480ರಲ್ಲಿ 508ನೇ ಫಿನೈಲ್‌ಅಲನಿನ್ ಒಂದೇ ಕಾಣೆ. ಅಷ್ಟಕ್ಕೇ ಪ್ರೋಟೀನ್ ಸರಿಯಾಗಿ ಮಡಚಿಕೊಳ್ಳುವುದಿಲ್ಲ, ಕೋಶ ಅದನ್ನು ಹೊರಪೊರೆಗೆ ಕಳಿಸದೆ ಒಳಗೇ ನಾಶ ಮಾಡುತ್ತದೆ.

ಹಂತ 5: ಕೋಡಾನ್‌ನ ಹೊರಗೂ ಹುಡುಕಿ

ಕೋಡಾನ್ ಪಟ್ಟಿ ಹಿಡಿದು ಕೂತವರಿಗೆ ಭಾರತದ ಅತಿ ಸಾಮಾನ್ಯ ಬೀಟಾ ಥಲಸ್ಸೀಮಿಯಾ ಮ್ಯುಟೇಷನ್ ಸಿಗುವುದೇ ಇಲ್ಲ. ಅದು ಯಾವ ಕೋಡಾನ್‌ನಲ್ಲೂ ಇಲ್ಲ. ಮೊದಲ ಇಂಟ್ರಾನ್‌ನ ಐದನೇ ಅಕ್ಷರದಲ್ಲಿದೆ. ಅಲ್ಲಿ ಜಿ ಇರಬೇಕು, ಸಿ ಆಗಿದೆ. ರಿಪೋರ್ಟ್‌ಗಳಲ್ಲಿ 'ಐವಿಎಸ್ 1-5 ಜಿ>ಸಿ' ಅಂತ ಬರೆದಿರುತ್ತಾರೆ.

ಬಿಸಾಡುವ ತುಂಡಿನಲ್ಲಿ ಬದಲಾದರೆ ಏನು ಅಂತ ಕೇಳಬಹುದು. ಎಲ್ಲಿ ಕತ್ತರಿಸಬೇಕು ಅನ್ನುವ ಗುರುತು ಇರುವುದೇ ಆ ತುಂಡಿನ ತುದಿಗಳಲ್ಲಿ. ಗುರುತು ಮಸುಕಾದರೆ ಕತ್ತರಿಸುವ ಯಂತ್ರ ಹೆಚ್ಚಿನ ಸಲ ತಪ್ಪು ಕಡೆ ಕತ್ತರಿಸುತ್ತದೆ, ಅಪರೂಪಕ್ಕೆ ಸರಿಯಾದ ಕಡೆ. ಹಾಗಾಗಿ ಬೀಟಾ ಪೂರ್ತಿ ಶೂನ್ಯವಲ್ಲ, ಆದರೆ ತುಂಬಾ ಕಡಿಮೆ. ಇನ್ನೂ ಹಿಂದೆ, ಜೀನ್ ಶುರುವಾಗುವ ಜಾಗಕ್ಕಿಂತ 28 ಅಕ್ಷರ ಮೊದಲು ಎ ಹೋಗಿ ಜಿ ಆದರೆ ಪ್ರೋಟೀನ್‌ನಲ್ಲಿ ಒಂದು ಅಮೈನೋ ಆಮ್ಲವೂ ತಪ್ಪುವುದಿಲ್ಲ, ಬರುವ ಪ್ರಮಾಣ ಮಾತ್ರ ಇಳಿಯುತ್ತದೆ.

ನನಗೆ ಎಲ್ಲಕ್ಕಿಂತ ಮಜಾ ಅನ್ನಿಸುವುದು ಹಿಮೋಗ್ಲೋಬಿನ್ ಇ. ಈಶಾನ್ಯ ಭಾರತ, ಬಂಗಾಳ, ಆಗ್ನೇಯ ಏಷ್ಯಾದಲ್ಲಿ ಹೆಚ್ಚು. ಹಳೆಯ ಎಣಿಕೆಯ 26ನೇ ಕೋಡಾನ್ ಜಿಎಜಿ ಬದಲು ಎಎಜಿ. ಪಟ್ಟಿ ಪ್ರಕಾರ ಗ್ಲುಟಾಮಿಕ್ ಆಮ್ಲದ ಬದಲು ಲೈಸಿನ್, ಸಾದಾ ಮಿಸ್‌ಸೆನ್ಸ್. ಆದರೆ ಅದೇ ಬದಲಾವಣೆ ಅಲ್ಲಿ ಒಂದು ಸುಳ್ಳು ಕತ್ತರಿ ಗುರುತನ್ನೂ ಎಬ್ಬಿಸುತ್ತದೆ. ಸ್ವಲ್ಪ ಆರ್‌ಎನ್‌ಎ ಅಲ್ಲಿ ಕತ್ತರಿಸಿ ಹಾಳಾಗುತ್ತದೆ. ಹಾಗಾಗಿ ಪ್ರೋಟೀನ್ ಬದಲಾಗಿದ್ದೂ ಹೌದು, ಕಡಿಮೆಯಾಗಿದ್ದೂ ಹೌದು. ಒಂದೇ ಅಕ್ಷರ, ಎರಡು ಪೆಟ್ಟು.

ಇಷ್ಟೆಲ್ಲ ಆದ ಮೇಲೆ 619 ಅಕ್ಷರ ಒಟ್ಟಿಗೆ ಹಾರಿಹೋಗುವ ಬದಲಾವಣೆಯೂ ಇದೇ ಜೀನ್‌ನಲ್ಲಿದೆ, ಸಿಂಧಿ ಕುಟುಂಬಗಳಲ್ಲಿ ಹೆಚ್ಚು. ಅದರ ಫಲವೂ ಬೀಟಾ ಶೂನ್ಯ. 47ನೇ ಒಂದು ಅಕ್ಷರ ಮಾಡಿದ್ದಕ್ಕಿಂತ ಇದು ಜಾಸ್ತಿ ಏನೂ ಮಾಡಲಿಲ್ಲ.

ಹಂತ 6: ರಿಪೋರ್ಟ್‌ನ ಸಾಲು ಬಿಡಿಸಿ

ಈಗ ರಿಪೋರ್ಟ್‌ನಲ್ಲಿ 'ಎಚ್‌ಬಿಬಿ ಸಿ.20ಎ>ಟಿ, ಪಿ.ಗ್ಲು7ವ್ಯಾಲ್' ಅಂತ ಇದ್ದರೆ ನಿಮಗೆ ಓದಲು ಬರುತ್ತದೆ. ಮೊದಲಿಗೆ ಜೀನ್ ಹೆಸರು. 'ಸಿ.' ಅಂದರೆ ಪ್ರೋಟೀನ್ ಬರೆಯುವ ಅಕ್ಷರಗಳ ಎಣಿಕೆ. 'ಪಿ.' ಅಂದರೆ ಪ್ರೋಟೀನ್‌ನಲ್ಲಿ ಆದದ್ದು. ನಕ್ಷತ್ರ ಚಿಹ್ನೆ ಇದ್ದರೆ 'ನಿಲ್ಲಿಸು'. ಎಫ್ಎಸ್ ಅಂದರೆ ಫ್ರೇಮ್‌ಶಿಫ್ಟ್, ಅದರ ಮುಂದಿನ ನಂಬರ್ ಎಷ್ಟನೇ ಕೋಡಾನ್‌ಗೆ ನಿಂತಿತು ಅನ್ನುತ್ತದೆ. ನಾವು ಮಾಡಿದ ಜಿ ಸೇರಿಸುವ ಲೆಕ್ಕ 'ಎಫ್ಎಸ್*14' ಆಗುತ್ತದೆ: ಹದಿಮೂರು ತಪ್ಪು, ಹದಿನಾಲ್ಕನೆಯದು ನಿಲ್ಲಿಸು. 'ಸಿ.92+5ಜಿ>ಸಿ' ಅಂತ ಕೂಡಿಸುವ ಚಿಹ್ನೆ ಕಂಡರೆ 92ನೇ ಅಕ್ಷರ ಆದ ಮೇಲಿನ ಇಂಟ್ರಾನ್‌ನ ಐದನೇ ಅಕ್ಷರ.

ಆಮೇಲೆ ಎಷ್ಟು ಪ್ರತಿ ಅಂತ ನೋಡಿ. ಹೆಟೆರೊಜೈಗಸ್ ಅಂದರೆ ಒಂದು ಪ್ರತಿಯಲ್ಲಿ ಮಾತ್ರ, ಹೋಮೊಜೈಗಸ್ ಅಂದರೆ ಎರಡರಲ್ಲೂ. ಸಿಕಲ್ ಅಥವಾ ಥಲಸ್ಸೀಮಿಯಾ ಒಂದೇ ಪ್ರತಿಯಲ್ಲಿದ್ದರೆ ಸಾಮಾನ್ಯವಾಗಿ ವಾಹಕರು ಅಷ್ಟೇ, ರೋಗಿಗಳಲ್ಲ. ಇದನ್ನು ಮದುವೆ ಮಾತುಕತೆಗಳಲ್ಲಿ ಕಳಂಕದ ಹಾಗೆ ನೋಡುವವರಿಗೆ ಒಂದು ಹಂತ ಹಿಂದೆ ಹೋಗಿ ಓದಿ ಅನ್ನಬೇಕು. ನೋಡಬೇಕಾದದ್ದು ಇಬ್ಬರೂ ವಾಹಕರಾ ಅನ್ನುವುದನ್ನು. ಹೌದಾದರೆ ಪ್ರತಿ ಗರ್ಭದಲ್ಲೂ ನಾಲ್ಕರಲ್ಲಿ ಒಂದರಷ್ಟು ಸಾಧ್ಯತೆ. ಮೊದಲ ಮಗುವಿಗೆ ಬಂತು ಅಂದರೆ ಮುಂದಿನ ಮೂರಕ್ಕೆ ಬರುವುದಿಲ್ಲ ಅಂತ ಅರ್ಥವಲ್ಲ. ಇಬ್ಬರದೂ ಒಂದೇ ಮ್ಯುಟೇಷನ್ ಆಗಿರಬೇಕು ಅಂತಲೂ ಇಲ್ಲ. ಅಪ್ಪನಿಂದ ಸಿಕಲ್, ಅಮ್ಮನಿಂದ ಥಲಸ್ಸೀಮಿಯಾ ಬಂದರೂ ಮಗುವಿಗೆ ಕಾಯಿಲೆ ಆಗುತ್ತದೆ.

ವಾಹಕರನ್ನು ಹುಡುಕಲು ಡಿಎನ್‌ಎ ಪರೀಕ್ಷೆಯೇ ಮೊದಲು ಬೇಕಿಲ್ಲ. ಸಾಮಾನ್ಯ ರಕ್ತ ಪರೀಕ್ಷೆಯಲ್ಲಿ ಎಂಸಿವಿ (ಕೆಂಪು ಕಣದ ಸರಾಸರಿ ಗಾತ್ರ) ಕಡಿಮೆ, ಎಚ್‌ಪಿಎಲ್‌ಸಿಯಲ್ಲಿ (ಹಿಮೋಗ್ಲೋಬಿನ್ ಬಗೆಗಳನ್ನು ಬೇರ್ಪಡಿಸಿ ಅಳೆಯುವ ಪರೀಕ್ಷೆ) ಹಿಮೋಗ್ಲೋಬಿನ್ ಎ2 ಶೇ 3.5ಕ್ಕಿಂತ ಜಾಸ್ತಿ ಇದ್ದರೆ ಬೀಟಾ ಥಲಸ್ಸೀಮಿಯಾ ವಾಹಕ ಅನ್ನುವ ಅನುಮಾನ ಬಲವಾಗುತ್ತದೆ. ಕಬ್ಬಿಣದ ಕೊರತೆಯಲ್ಲೂ ಎಂಸಿವಿ ಇಳಿಯುತ್ತದೆ. ಹಾಗಾಗಿ ಎಷ್ಟೋ ವಾಹಕರು ವರ್ಷಗಟ್ಟಲೆ ಸುಮ್ನೆ ಕಬ್ಬಿಣದ ಮಾತ್ರೆ ನುಂಗುತ್ತಾರೆ. ಉಲ್ಟಾ ಕೂಡ ಇದೆ: ಕಬ್ಬಿಣ ತೀರಾ ಕಡಿಮೆ ಇದ್ದರೆ ಎ2 ಇಳಿದು ವಾಹಕರು ಕಣ್ತಪ್ಪಬಹುದು. ಎರಡನ್ನೂ ಒಟ್ಟಿಗೆ ನೋಡಲು ಡಾಕ್ಟರಿಗೆ ಹೇಳಿ.

ರಿಪೋರ್ಟ್‌ನ ಕೊನೆಗೆ ಐದರಲ್ಲಿ ಒಂದು ಹಣೆಪಟ್ಟಿ ಇರುತ್ತದೆ: ಕಾಯಿಲೆ ತರುವಂಥದ್ದು, ಬಹುಶಃ ತರುವಂಥದ್ದು, ಅರ್ಥ ಸ್ಪಷ್ಟವಿಲ್ಲದ್ದು, ಬಹುಶಃ ನಿರುಪದ್ರವಿ, ನಿರುಪದ್ರವಿ. ನಡುವಿನದಕ್ಕೆ ವಿಯುಎಸ್ ಅನ್ನುತ್ತಾರೆ. ವಿಯುಎಸ್ ಬಂದರೆ ಅದು ಕಾಯಿಲೆಯ ಸುದ್ದಿ ಅಲ್ಲ, ನಿರ್ಧಾರಕ್ಕೆ ಸಾಕಷ್ಟು ಪುರಾವೆ ಇಲ್ಲ ಅಂತ. ಅದರ ಆಧಾರದ ಮೇಲೆ ದೊಡ್ಡ ತೀರ್ಮಾನ ತೆಗೆದುಕೊಳ್ಳಬೇಡಿ. ನಮ್ಮವರಿಗೆ ವಿಯುಎಸ್ ಜಾಸ್ತಿ ಬರುವುದಕ್ಕೆ ಒಂದು ಕಾರಣ, ಹೋಲಿಸಿ ನೋಡುವ ಜಾಗತಿಕ ಪಟ್ಟಿಗಳಲ್ಲಿ ಯುರೋಪ್ ಮೂಲದವರೇ ಹೆಚ್ಚು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರ ಮುಂದೆ ನಿಂತು ನಡೆಸಿದ ಜೀನೋಮ್ ಇಂಡಿಯಾ ಯೋಜನೆಯಲ್ಲಿ ಸುಮಾರು 10,000 ಭಾರತೀಯರ ಜೀನೋಮ್ ಓದಿದ್ದಾರೆ. ಆ ಮಾಹಿತಿ 2025ರ ಜನವರಿಯಲ್ಲಿ ಸಂಶೋಧಕರಿಗೆ ತೆರೆಯಿತು.

ಹಂತ 7: ನಿಮ್ಮ ಲೆಕ್ಕ ಸರಿಯಾ, ಪರೀಕ್ಷಿಸಿ

ಎಕ್ಸ್‌ಪಾಸಿ ಜಾಲತಾಣದಲ್ಲಿ ಟ್ರಾನ್ಸ್‌ಲೇಟ್ ಅನ್ನುವ ಉಚಿತ ಸಾಧನ ಇದೆ. ಮೇಲಿನ ಸಾಲನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಹಾಕಿ. ಅದು ಆರು ಬಗೆಯಲ್ಲಿ ಓದಿ ತೋರಿಸುತ್ತದೆ: ಈ ಎಳೆಯಲ್ಲಿ ಮೂರು, ಎದುರಿನ ಎಳೆಯಲ್ಲಿ ಮೂರು. ನಿಮಗೆ ಬೇಕಾದದ್ದು ಮೊದಲನೆಯದು. ಬದಲಾವಣೆ ಕಾಯಿಲೆಗೆ ಸಂಬಂಧಿಸಿದ್ದಾ ಅಂತ ನೋಡಲು ಕ್ಲಿನ್‌ವಾರ್ ಅನ್ನುವ ಮ್ಯುಟೇಷನ್‌ಗಳ ಆನ್‌ಲೈನ್ ಪಟ್ಟಿಯಲ್ಲಿ ಹುಡುಕಬಹುದು. ಮನೆಯವರ ರಿಪೋರ್ಟ್ ಆದರೆ ಅಲ್ಲಿ ನೋಡಿದ್ದನ್ನು ಜೆನೆಟಿಕ್ ಕೌನ್ಸೆಲರ್ ಹತ್ತಿರ ಪ್ರಶ್ನೆಯಾಗಿ ಒಯ್ಯಿರಿ.

ಆದರೆ ಮೊದಲು ಕೈಯಲ್ಲಿ ಎರಡು ಲೆಕ್ಕ ಮಾಡಿ. ಇದೇ ಜೀನ್‌ನಲ್ಲಿ ಪ್ರೋಟೀನ್ ಬರೆಯುವ ಎರಡನೇ ತುಂಡಿನಿಂದ (ಇಂಟ್ರಾನ್ ಅಲ್ಲ), ಹಳೆಯ ಎಣಿಕೆಯ 39ನೇ ಕೋಡಾನ್‌ನಿಂದ ಶುರು:

ಸಿಎಜಿ ಎಜಿಜಿ ಟಿಟಿಸಿ ಟಿಟಿಟಿ ಜಿಎಜಿ ಟಿಸಿಸಿ ಟಿಟಿಟಿ ಜಿಜಿಜಿ ಜಿಎಟಿ ಸಿಟಿಜಿ ಟಿಸಿಸಿ
ಎಸಿಟಿ ಸಿಸಿಟಿ ಜಿಎಟಿ ಜಿಸಿಟಿ ಜಿಟಿಟಿ ಎಟಿಜಿ ಜಿಜಿಸಿ ಎಎಸಿ ಸಿಸಿಟಿ ಎಎಜಿ ಜಿಟಿಜಿ ಎ

ಮೊದಲನೆಯದು: ಮೊದಲ ಅಕ್ಷರ ಸಿ ತೆಗೆದು ಟಿ ಹಾಕಿ. ಎರಡನೆಯದು: ಅದನ್ನು ಸರಿಮಾಡಿ, ಎಜಿಜಿ ಆದ ಮೇಲಿನ 'ಟಿಟಿಸಿಟಿ' ನಾಲ್ಕೂ ಅಕ್ಷರ ಅಳಿಸಿ ಮುಂದೆ ಓದಿ.

ಉತ್ತರ: ಮೊದಲನೆಯದರಲ್ಲಿ ಟಿಎಜಿ, ಅಲ್ಲೇ ನಿಲ್ಲಿಸು. ಇಟಲಿಯ ಸಾರ್ಡಿನಿಯಾ ದ್ವೀಪದ ಬಹುಪಾಲು ಬೀಟಾ ಥಲಸ್ಸೀಮಿಯಾ ಇದರಿಂದಲೇ. ಎರಡನೆಯದು ಭಾರತದಲ್ಲೂ ಚೀನಾದಲ್ಲೂ ಸಾಮಾನ್ಯವಾದ 'ಕೋಡಾನ್ 41/42'. ಟಿಟಿಜಿ ಎಜಿಟಿ ಸಿಸಿಟಿ ಅಂತ ಶುರುವಾಗಿ 18 ತಪ್ಪು ಅಮೈನೋ ಆಮ್ಲ, 19ನೆಯದು ಟಿಜಿಎ. ನಿಮಗೆ 17 ಅಥವಾ 20 ಬಂದಿದ್ದರೆ ಎಲ್ಲೋ ಒಂದು ಅಕ್ಷರ ಬಿಟ್ಟಿದ್ದೀರಿ ಅಥವಾ ಎರಡು ಸಲ ಬರೆದಿದ್ದೀರಿ.